ನಾಯಿ ಮಾಡಿದ ಪಾಪ ಯಾರದು?

ಮುಧೋಳ ನಾಯಿಯ ಮಾತು ಬಂದಾಗ ಪುಣೆಯ ಕನ್ನಡಿಗರ ಎದೆ ತುಸು ಉಬ್ಬುವುದು ಸಹಜ. ನೀಳವಾದ ಮುಖ, ಆಳವಾದ ಎದೆಗೂಡು, ಒಳಸೇದಿದ ಹೊಟ್ಟೆ, ಬಿಲ್ಲಿನಂತೆ ಬಾಗಿ ಬಾಣದಂತೆ ಚಿಮ್ಮುವ ಬೆನ್ನು: ಇಷ್ಟು ಚೆಲುವಾದ ಓಟದ ಪ್ರಾಣಿ ನಮ್ಮ ಸೀಮೆಯದು ಎಂಬ ಹೆಮ್ಮೆಯಲ್ಲಿ ತಪ್ಪೇನೂ ಇಲ್ಲ. ಬಿಬವೇವಾಡಿಯ ನಮ್ಮ ಬಳಗದಲ್ಲಿ ಬಾಗಲಕೋಟೆ, ಜಮಖಂಡಿ, ವಿಜಯಪುರದ ಕಡೆಯಿಂದ ಬಂದವರು ಹಲವರಿದ್ದಾರೆ. ಅವರ ಪಾಲಿಗೆ ಈ ನಾಯಿ ತವರಿನ ನೆನಪು. ಆದರೆ ಈಚೆಗೆ ಈ ಹೆಮ್ಮೆಯ ಬೆನ್ನಿಗೆ ಮತ್ತೊಂದು ಸಂಗತಿ ಅಂಟಿಕೊಂಡು ಬರುತ್ತಿದೆ. ಬಯಲಿನಲ್ಲಿ ನಾಲ್ಕಾರು ನಾಯಿಗಳನ್ನು ಒಂದು ಮೊಲದ ಮೇಲೋ ಗುಳ್ಳೆನರಿಯ ಮೇಲೋ ಬಿಟ್ಟು, ಅದರ ಓಟವನ್ನೂ ಸಾವನ್ನೂ ಚಿತ್ರೀಕರಿಸಿ ಮೊಬೈಲಿನಿಂದ ಮೊಬೈಲಿಗೆ ಹಂಚುವ ಗೀಳು. ಇಂಥ ತುಣುಕುಗಳಲ್ಲಿ ಕೆಲವು ಅಮೆರಿಕದವು; ಅಲ್ಲಿ ಬಲಿಯಾಗುವುದು ಕಯೋಟಿ ಎಂಬ ಪ್ರಾಣಿ. ಕೆಲವು ನಮ್ಮ ದಖನ್ನಿನವು. ನೋಡಿ ಮೆಚ್ಚುವವರಲ್ಲಿ ಓದಿದವರೂ ಇದ್ದಾರೆ. 'ದೇಸೀ ತಳಿಯ ಶೌರ್ಯ' ಎಂದು ಅದಕ್ಕೆ ತಲೆಬರಹ ಕೊಡುವವರೂ ಇದ್ದಾರೆ.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಈ ತಳಿ ಉಳಿಯಬೇಕು, ಬೆಳೆಯಬೇಕು. ಆದರೆ ಅದನ್ನು ಕಾಡುಜೀವಿಯ ಮೇಲೆ ಛೂ ಬಿಡುವ ಬೇಟೆ ನಿಲ್ಲಬೇಕು. ಇವೆರಡೂ ಒಂದನ್ನೊಂದು ಅಗಲಿ ಇರಲಾರವು ಎಂಬ ವಾದವೇ ಈ ಚರ್ಚೆಯ ಗಂಟು. ಅದನ್ನು ಬಿಚ್ಚುವುದು ಈ ಬರಹದ ಉದ್ದೇಶ.

ನಾಯಿಬೇಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮೂಗನ್ನು ನಂಬಿ ವಾಸನೆಯ ಜಾಡು ಹಿಡಿದು, ಬೊಗಳುತ್ತ, ಗಂಟೆಗಟ್ಟಲೆ ಹಿಂಬಾಲಿಸುವ ನಾಯಿಗಳದು ಒಂದು. ಕಣ್ಣನ್ನು ನಂಬಿ, ಕಂಡದ್ದನ್ನು ಮೌನವಾಗಿ ಬೆನ್ನಟ್ಟಿ, ಕೆಲವೇ ನಿಮಿಷಗಳಲ್ಲಿ ಹಿಡಿದು ಕೆಡವುವ ಓಟದ ನಾಯಿಗಳದು ಇನ್ನೊಂದು. ಅಮೆರಿಕದ ಬಯಲುಸೀಮೆಯಲ್ಲಿ ಗ್ರೇಹೌಂಡ್ ಬೆರಕೆಯ ನಾಯಿಗಳನ್ನು ಪಿಕಪ್ ಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗಿ, ದೂರದಲ್ಲಿ ಕಯೋಟಿ ಕಂಡೊಡನೆ ಬಾಗಿಲು ತೆರೆಯುತ್ತಾರೆ. ಕಾಡು ದಟ್ಟವಾಗಿರುವ ಕಡೆ ಮೂಗಿನ ನಾಯಿಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಬಿಟ್ಟು, ಬೇಟೆಗಾರ ಗಾಡಿಯಲ್ಲೇ ಕುಳಿತು ಪರದೆಯ ಮೇಲೆ ಅವುಗಳ ಓಟವನ್ನು ನೋಡುತ್ತಾನೆ. ಮುಧೋಳ ನಾಯಿ ಕಣ್ಣಿನ ಬೇಟೆಯ ಕುಲಕ್ಕೆ ಸೇರಿದ್ದು. ಸಾಲುಕಿ, ಗ್ರೇಹೌಂಡ್‌ಗಳ ಬಳಗದ್ದು. ಆದ್ದರಿಂದಲೇ ಆ ದೇಶದ ತುಣುಕುಚಿತ್ರಗಳು ನಮ್ಮ ಹುಡುಗರಿಗೆ ಅಷ್ಟು ಬೇಗ ಹತ್ತಿರವಾಗುತ್ತವೆ.

ನಮ್ಮ ನಾಯಿಯ ಚರಿತ್ರೆ ಕಿರಿದಲ್ಲ. ರನ್ನನ ಹುಟ್ಟೂರಾದ ಮುಧೋಳ ಬ್ರಿಟಿಷರ ಕಾಲದಲ್ಲಿ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಬೇಡರ ಬಳಿ ಇದ್ದ ಓಟದ ನಾಯಿಗಳನ್ನು ಕಂಡು ಮೆಚ್ಚಿದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಅವನ್ನು ಆಯ್ದು ಬೆಳೆಸಿದರೆಂದೂ, ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಾಗ ಊರಿನ ಹೆಸರೇ ನಾಯಿಗೆ ನಿಂತಿತೆಂದೂ ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ಇದೇ ನಾಯಿಗೆ ಕಾರವಾನಿ ಎಂಬ ಹೆಸರು. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಅದು ಕ್ಯಾರವಾನ್ ಹೌಂಡ್. ಹೆಸರಿಗಾಗಿ ಎರಡು ರಾಜ್ಯಗಳ ನಡುವೆ ಪ್ರೀತಿಯ ಜಗಳ ಇಂದಿಗೂ ಇದೆ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ತಳಿಗಳ ಅಂಚೆಚೀಟಿ ತಂದಾಗ ಮುಧೋಳದ್ದೂ ಅವುಗಳಲ್ಲಿ ಒಂದಾಗಿತ್ತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಭಾರತೀಯ ಸೇನೆ ಈ ನಾಯಿಯನ್ನು ತರಬೇತಿಗಾಗಿ ಮೇರಠಿಗೆ ಒಯ್ದಿತು. ಈ ಕಡೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಅದು ಬೇಕಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಕನ್ನಡ ನಾಡಿನಲ್ಲಿ ನಾಯಿಗೆ ಸಂದ ಮರ್ಯಾದೆಗೆ ಆತಕೂರಿನ ಶಾಸನಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲು 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಮೇಲೆ, ಗಂಗ ಬೂತುಗನ ಆಳಾದ ಮಣಲೇರನ ಪರಾಕ್ರಮಕ್ಕೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಮೆಚ್ಚುತ್ತಾನೆ. ಬೇಡಿದ್ದನ್ನು ಕೊಡುವೆನೆಂದಾಗ ಮಣಲೇರ ಬೇಡುವುದು ಹೊನ್ನನ್ನಲ್ಲ, ಅರಸನ ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಮುಂದೊಂದು ದಿನ ದೊಡ್ಡ ಕಾಡುಹಂದಿಯ ಮೇಲೆ ಬಿಡಲಾಗುತ್ತದೆ. ಹಂದಿ ನಾಯಿಗಳೆರಡೂ ಒಂದನ್ನೊಂದು ಕೊಂದು ಸಾಯುತ್ತವೆ. ನಾಯಿಯ ನೆನಪಿಗೆ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಡುತ್ತಾರೆ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಶಾಸನ ಎಚ್ಚರಿಸುತ್ತದೆ.

ಈ ಶಾಸನವನ್ನು ನಾವೆಲ್ಲ ನಾಯಿಯ ನಿಷ್ಠೆಯ ಸ್ಮಾರಕವೆಂದೇ ಓದುತ್ತ ಬಂದಿದ್ದೇವೆ. ಹಾಗೆ ಓದುವುದು ಸರಿಯೇ. ಆದರೆ ಆ ಕಡೆಯ ಎಚ್ಚರಿಕೆಯ ಮೇಲೆ ಕಣ್ಣು ನಿಲ್ಲಬೇಕು. ಸಾವಿರ ವರ್ಷಗಳಿಗೂ ಹಿಂದೆ, ಬೇಟೆಯನ್ನು ಕ್ಷತ್ರಿಯ ಗುಣವೆಂದು ಕೊಂಡಾಡುತ್ತಿದ್ದ ಕಾಲದಲ್ಲಿ, ಆ ಕಲ್ಲನ್ನು ಬರೆಸಿದವರು ಬೇಟೆನಾಯಿಯ ಕೆಲಸದಲ್ಲಿ ಪಾಪವಿದೆಯೆಂದು ಒಪ್ಪಿಕೊಂಡಿದ್ದರು. ಆ ಪಾಪ ಎಲ್ಲಿಯೂ ಕರಗಿಹೋಗುವುದಿಲ್ಲ, ಯಾರೋ ಒಬ್ಬರು ಅದನ್ನು ಹೊರಲೇಬೇಕು ಎಂದೂ ಅವರಿಗೆ ತಿಳಿದಿತ್ತು. ನಾಯಿ ಸತ್ತಿದೆ, ಹಂದಿಗೆ ಹೆಸರೂ ಇಲ್ಲ. ಉಳಿದವನು ಮನುಷ್ಯ. ಹಾಗಾದರೆ ನಾಯಿ ಮಾಡಿದ ಪಾಪ ಯಾರದು? ಈ ಪ್ರಶ್ನೆಗೆ ಇಂದಿನ ಬೇಟೆಯ ಅಭಿಮಾನಿಗಳೂ ಉತ್ತರ ಕೊಡಬೇಕಾಗಿದೆ.

ಬೇಟೆ ಹೊಟ್ಟೆಪಾಡಾಗಿದ್ದ ಕಾಲ ಬೇರೆ, ಅದು ವಿನೋದವಾದ ಕಾಲ ಬೇರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ನಾಯಿಗಳಿಗೆ ಮೀಸಲಾದ ಭಾಗದ ಹೆಸರೇ ಸಾರಮೇಯ ವಿನೋದ. ಅರಸನಿಗೆ ಅದು ಹೊತ್ತು ಕಳೆಯುವ ಸೊಗಸು. ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ ಶರಣರು ಪ್ರಾಣಿದಯೆಯನ್ನು ಧರ್ಮದ ನಡುಮನೆಗೆ ತಂದು ಕೂರಿಸಿದರು. ನಮ್ಮ ಪರಂಪರೆ ಬೇಟೆಯ ಪರವಾಗಿದೆ ಎಂದು ಹೇಳುವವರು ಯಾವ ಪರಂಪರೆಯ ಮಾತಾಡುತ್ತಿದ್ದೇವೆಂದು ಸ್ಪಷ್ಟಪಡಿಸಬೇಕಾಗುತ್ತದೆ. ಒಂದೇ ಊರಿನಲ್ಲಿ ಎರಡು ಪರಂಪರೆಗಳಿದ್ದವು.

ನಾಯಿಬೇಟೆಯ ವಿನೋದಕ್ಕೆ ಶಿಸ್ತಿನ ಸಮವಸ್ತ್ರ ತೊಡಿಸಿದವರು ಬ್ರಿಟಿಷರು. ಇಂಗ್ಲೆಂಡಿನಲ್ಲಿ ಕುದುರೆಯೇರಿ ಕೆಂಪು ನರಿಯನ್ನು ಬೆನ್ನಟ್ಟುತ್ತಿದ್ದವರಿಗೆ ಇಲ್ಲಿ ಸಿಕ್ಕಿದ್ದು ಗುಳ್ಳೆನರಿ. ಊಟಿಯ ಬೋಳು ಹುಲ್ಲುಬೆಟ್ಟಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಅವರ ನಾಯಿಹಿಂಡು ನೆಲೆಯೂರಿತು. ಪುಣೆ, ಖಡ್ಕಿಯ ದಂಡುಪ್ರದೇಶಗಳ ಅಧಿಕಾರಿಗಳೂ ಇದೇ ವಿನೋದಕ್ಕೆ ನಾಯಿಹಿಂಡು ಸಾಕಿದ್ದರು. ವಿಲಾಯತಿ ನಾಯಿ ಸಿಗದ ಕಡೆ ಸಿಕ್ಕಸಿಕ್ಕ ತಳಿಗಳನ್ನು ಕೂಡಿಹಾಕಿ ಮಾಡಿದ ಹಿಂಡಿಗೆ 'ಬಾಬರಿ ಪ್ಯಾಕ್' ಎಂದು ಕರೆಯುತ್ತಿದ್ದರು. ಆ ಮಾತು ಹುಟ್ಟಿದ್ದು ನಮ್ಮವರ 'ಬಾಪ್ ರೇ' ಎಂಬ ಉದ್ಗಾರದಿಂದ ಎಂದು 'ಹಾಬ್ಸನ್ ಜಾಬ್ಸನ್' ನಿಘಂಟು ಹೇಳುತ್ತದೆ. ಹೊಲ ತುಳಿದು ಓಡುವ ಕುದುರೆ, ನಾಯಿ, ದೊರೆಗಳನ್ನು ಕಂಡ ರೈತನ ಬಾಯಿಂದ ಬೇರೆ ಯಾವ ಮಾತು ತಾನೇ ಬಂದೀತು? ವಿಚಿತ್ರವೆಂದರೆ ಆ ಇಂಗ್ಲೆಂಡೇ 2004ರಲ್ಲಿ ಕಾಯಿದೆ ಮಾಡಿ, ನಾಯಿಗಳಿಂದ ಕಾಡುಸಸ್ತನಿಗಳನ್ನು ಬೇಟೆಯಾಡಿಸುವುದನ್ನು ನಿಷೇಧಿಸಿತು. ಮರುವರ್ಷ ಅದು ಜಾರಿಗೆ ಬಂತು. ಕಲಿಸಿದವರು ಬಿಟ್ಟ ಆಟವನ್ನು ದೇಸೀ ಅಭಿಮಾನದ ಹೆಸರಿನಲ್ಲಿ ನಾವು ಮುಂದುವರಿಸುವುದು ಎಂಥ ಅಭಿಮಾನ?

ಇನ್ನು ಬಲಿಯಾಗುವ ಪ್ರಾಣಿಯ ಕಡೆಗೆ ನೋಡೋಣ. ಕಯೋಟಿ, ಗುಳ್ಳೆನರಿ, ತೋಳ, ನಾಯಿ ಎಲ್ಲವೂ ಒಂದೇ ಕುಲದ ಕುಡಿಗಳು. ನಾಯಿಯಂತೆಯೇ ಗುಳ್ಳೆನರಿಯೂ ಸುಮಾರು ಎರಡು ತಿಂಗಳು ಬಸಿರು ಹೊತ್ತು ಮರಿಹಾಕುತ್ತದೆ. ಗಂಡು ಹೆಣ್ಣು ಜೋಡಿಯಾಗಿ ಬಾಳುತ್ತವೆ. ಹಿಂದಿನ ಸೂಲಿನ ಮರಿಗಳಲ್ಲಿ ಕೆಲವು ತಾಯಿಯ ಬಳಿಯೇ ಉಳಿದು ಎಳೆಯ ತಮ್ಮ ತಂಗಿಯರಿಗೆ ಊಟ ತಂದುಕೊಡುತ್ತವೆ. ಆದ್ದರಿಂದ ಬಯಲಿನಲ್ಲಿ ಕೆಡವಿದ ಒಂದು ನರಿಯ ಹಿಂದೆ ಬಿಲದಲ್ಲಿ ಕಾದಿರುವ ಒಂದು ಸಂಸಾರವಿರಬಹುದು. ಅದರ ಆಹಾರದಲ್ಲಿ ಇಲಿ ಹೆಗ್ಗಣಗಳ ಪಾಲು ದೊಡ್ಡದು. ಸತ್ತ ದನದ ಮಾಂಸ, ಬಿದ್ದ ಹಣ್ಣು, ಹುಳುಹುಪ್ಪಟೆ ಯಾವುದೂ ಅದಕ್ಕೆ ವರ್ಜ್ಯವಲ್ಲ. ಬೋರೆಹಣ್ಣು ತಿಂದು ಅದರ ಬೀಜವನ್ನು ಬಯಲೆಲ್ಲ ಹರಡುವ ಕೆಲಸವನ್ನೂ ಮಾಡುತ್ತದೆ. ಕಬ್ಬಿನ ಗದ್ದೆಯನ್ನು ಮನೆ ಮಾಡಿಕೊಂಡು ಪಶ್ಚಿಮ ಮಹಾರಾಷ್ಟ್ರದಲ್ಲೂ ಬೆಳಗಾವಿ, ಬಾಗಲಕೋಟೆಗಳಲ್ಲೂ ಮನುಷ್ಯನ ಮಗ್ಗುಲಲ್ಲೇ ಬದುಕಿರುವ ಜೀವಿ ಇದು. ನಾಯಿಯನ್ನು ಇದರ ಮೇಲೆ ಬಿಡುವುದೆಂದರೆ ದಾಯಾದಿಯನ್ನು ದಾಯಾದಿಯ ಮೇಲೆ ಛೂ ಬಿಟ್ಟು ದಡದಲ್ಲಿ ನಿಂತು ನೋಡಿದಂತೆ. ಕುರುಕ್ಷೇತ್ರದ ಕತೆ ಕೇಳಿ ಬೆಳೆದ ನಮಗೆ ಆ ಆಟದ ಕೊನೆ ಗೊತ್ತಿರಬೇಕು.

ಬಿಬವೇವಾಡಿಯಿಂದ ಕೊಂಢವಾ ದಾಟಿ ಬೋಪದೇವ ಘಾಟಿ ಇಳಿದರೆ ಸಾಸವಡದ ಕಡೆಗೆ ತೆರೆದುಕೊಳ್ಳುವ ಬಯಲನ್ನು ಮರಾಠಿಯಲ್ಲಿ ಮಾಳರಾನ್ ಎನ್ನುತ್ತಾರೆ. ಗೋಮಾಳ ಎನ್ನುವಾಗ ನಾವು ಬಳಸುವುದೂ ಅದೇ ಮಾಳ. ಅಲ್ಲಿಂದ ಜೇಜುರಿ, ಬಾರಾಮತಿಯವರೆಗೆ ಚದುರಿದ ಈ ಹುಲ್ಲುಗಾವಲು ತೋಳ, ಗುಳ್ಳೆನರಿ, ಚಿಕ್ಕ ನರಿ, ಚಿಂಕಾರಗಳ ನೆಲೆ. ಸುಪೆಯ ಮಯೂರೇಶ್ವರ ಅಭಯಾರಣ್ಯವನ್ನು ಬಿಟ್ಟರೆ ಇದಕ್ಕೆ ರಕ್ಷಣೆಯ ಹೆಸರು ಕಡಿಮೆ. ಅಭಯಾರಣ್ಯವೂ ಕೇವಲ ಐದು ಚದರ ಕಿಲೋಮೀಟರಿನಷ್ಟು. ಕಾಗದಪತ್ರಗಳಲ್ಲಿ ಇಂಥ ನೆಲ ಬಹುಪಾಲು ಬಂಜರು, ಪಾಳು. ಪುಣೆ ಬೆಳೆದಂತೆ ಅದರ ಮೇಲೆ ನಿವೇಶನಗಳು ಏಳುತ್ತಿವೆ. ನಾವು ವಾಸಿಸುವ ನೆಲವೂ ಹೀಗೆ ಒಂದು ಕಾಲಕ್ಕೆ ಗುಡ್ಡದ ತಪ್ಪಲ ಬಯಲೇ ಆಗಿತ್ತು. ಓಡಲು ಜಾಗ ಕಿರಿದಾದಷ್ಟೂ ಬೆನ್ನಟ್ಟುವವನಿಗೆ ಅನುಕೂಲ, ಓಡುವವನಿಗೆ ಮರಣ. ಬೇಲಿ, ರಸ್ತೆ, ಕಾಲುವೆಗಳ ನಡುವೆ ಸಿಕ್ಕ ನರಿಯನ್ನು ನಾಲ್ಕು ನಾಯಿಗಳು ಹಿಡಿದರೆ ಅದರಲ್ಲಿ ಶೌರ್ಯವನ್ನು ಕಾಣುವುದು ಕಷ್ಟ.

ನಾಯಿಗಳ ಹಾವಳಿ ಕೊಲ್ಲುವುದರಲ್ಲೇ ಮುಗಿಯುವುದಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್, ಏಟ್ರೀ ಸಂಸ್ಥೆಗಳ ಹಾಗೂ ಪುಣೆಯ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟಿನ ಸಂಶೋಧಕರು ಪುಣೆಯ ಬಳಿಯ ಬಯಲಿನಲ್ಲಿ ತೋಳ ಮತ್ತು ನಾಯಿಯ ಬೆರಕೆ ಹುಟ್ಟಿರುವುದನ್ನು ವಂಶವಾಹಿ ಪರೀಕ್ಷೆಯಿಂದ ದೃಢಪಡಿಸಿ 2023ರಲ್ಲಿ ಪ್ರಕಟಿಸಿದರು. ಹುಚ್ಚು, ಡಿಸ್ಟೆಂಪರ್ ಮುಂತಾದ ರೋಗಗಳು ನಾಯಿಯಿಂದ ಕಾಡಿಗೂ ಕಾಡಿನಿಂದ ನಾಯಿಗೂ ದಾಟುತ್ತವೆ. ನರಿಯ ಕಚ್ಚಾಟದಲ್ಲಿ ಗಾಯಗೊಂಡು ಬಂದ ನಾಯಿ ಮಲಗುವುದು ಮಕ್ಕಳಿರುವ ಮನೆಯ ಅಂಗಳದಲ್ಲೇ ಎಂಬುದನ್ನು ಬೇಟೆಯ ಹುಮ್ಮಸ್ಸಿನಲ್ಲಿ ಯಾರೂ ನೆನೆಯುವುದಿಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ಮೂರು ಗಂಭೀರವಾದವು. ಅವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ.

ಮೊದಲನೆಯದು ರೈತನ, ಕುರಿಗಾಹಿಯ ನಷ್ಟದ ಮಾತು. ನರಿ ಕಲ್ಲಂಗಡಿ ಕಚ್ಚುತ್ತದೆ, ಮೆಕ್ಕೆಜೋಳ ಕೆಡಿಸುತ್ತದೆ, ಕೋಳಿ ಹೊತ್ತೊಯ್ಯುತ್ತದೆ. ತೋಳ ಕುರಿಯನ್ನೇ ಎಳೆಯುತ್ತದೆ. ಊರಲ್ಲಿ ಕುಳಿತು ದಯೆಯ ಮಾತಾಡುವುದು ಸುಲಭ, ಮಾಳದಲ್ಲಿ ರಾತ್ರಿ ಹಟ್ಟಿ ಕಾಯುವವನ ಪಾಡು ಬೇರೆ ಎಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ಧನಗರ, ಕುರುಬರ ನಾಯಿಯನ್ನು ನೋಡಿ. ಅದು ಮಂದೆಯ ಸುತ್ತ ನಿಲ್ಲುವ ಕಾವಲಿನ ನಾಯಿ. ಬಂದ ತೋಳವನ್ನು ಅಟ್ಟಿ ಮತ್ತೆ ಮಂದೆಗೆ ಮರಳುವುದು ಅದರ ಕೆಲಸ. ಮೋಟಾರು ಬೈಕಿನಲ್ಲಿ ಹತ್ತಾರು ಮೈಲಿ ಹೋಗಿ, ಯಾರ ಹೊಲಕ್ಕೂ ಬಾರದ ನರಿಯನ್ನು ಹುಡುಕಿ ಎಬ್ಬಿಸಿ ಕೊಲ್ಲಿಸುವವರು ಯಾವ ಮಂದೆಯನ್ನೂ ಕಾಯುತ್ತಿಲ್ಲ. ಕುರಿಗಾಹಿಯ ಕಷ್ಟವನ್ನು ತಮ್ಮ ವಿನೋದಕ್ಕೆ ಕೊಡೆಯಾಗಿ ಹಿಡಿಯುತ್ತಿದ್ದಾರೆ ಅಷ್ಟೆ. ತೋಳ ಹೊತ್ತ ಕುರಿಗೆ ಪರಿಹಾರ ಕೊಡುವ ವ್ಯವಸ್ಥೆ ಎರಡೂ ರಾಜ್ಯಗಳಲ್ಲಿದೆ. ಅದು ಬೇಗ ಕೈಸೇರುವಂತೆ ಒತ್ತಾಯಿಸುವುದು ಕುರಿಗಾಹಿಗೆ ಮಾಡುವ ನಿಜವಾದ ಉಪಕಾರ. ಕೊಂದರೆ ಸಂಖ್ಯೆ ತಗ್ಗುತ್ತದೆ ಎಂಬ ಲೆಕ್ಕವನ್ನೂ ಅಮೆರಿಕದ ಅನುಭವ ಸುಳ್ಳಾಗಿಸಿದೆ. ನೂರು ವರ್ಷಗಳಿಗೂ ಮೀರಿ ಗುಂಡು, ವಿಷ, ಉರುಲು, ನಾಯಿ ಎಲ್ಲವನ್ನೂ ಬಳಸಿ ಕೊಂದರೂ ಕಯೋಟಿ ಅಳಿಯಲಿಲ್ಲ. ಪಡುವಣ ಬಯಲಿನಿಂದ ಹೊರಟು ಮೂಡಣ ಕಡಲತೀರದ ನಗರಗಳವರೆಗೆ ಹಬ್ಬಿತು. ತೋಳಗಳನ್ನು ನಿರ್ಮೂಲ ಮಾಡಿದ್ದೇ ಅದಕ್ಕೆ ದಾರಿ ತೆರೆಯಿತು. ಬಹುಮಾನಕ್ಕಾಗಿ ಕಯೋಟಿ ಕೊಲ್ಲುವ ಪಂದ್ಯಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿ ನಿಲ್ಲಿಸಿತು. ಬೇರೆ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು.

ಎರಡನೆಯದು ತಳಿಯ ಮಾತು. 'ನಾಯಿ ಓಡಲಿಲ್ಲಂದ್ರ ಅದು ಮುಧೋಳ ಅಲ್ರೀ, ಬರೇ ಗೂಟಕ್ಕ ಕಟ್ಟಿದ ನಾಯಿ' ಎಂದು ಆ ಸೀಮೆಯವರು ಹೇಳುವುದುಂಟು. ಇದು ತೂಕದ ಮಾತು. ಈ ಮೈಕಟ್ಟನ್ನು ರೂಪಿಸಿದ್ದು ಬೆನ್ನಟ್ಟುವ ಕೆಲಸವೇ. ಕೆಲಸ ತಪ್ಪಿದ ತಳಿ ಪ್ರದರ್ಶನದ ಗೊಂಬೆಯಾಗಿ, ಎರಡು ಕೋಣೆಯ ಫ್ಲ್ಯಾಟಿನ ಸೋಫಾದ ಮೇಲೆ ಮಂಕಾಗಿ ಮಲಗುವುದನ್ನು ನಾವು ಬಿಬವೇವಾಡಿಯಲ್ಲೇ ಕಾಣಬಹುದು. ಆದರೆ ನಾಯಿಗೆ ಬೇಕಾದದ್ದು ಓಟ. ಸಾವು ಬೇಕಾದದ್ದು ನೋಡುವವನಿಗೆ. ರಾಟೆಗೆ ಕಟ್ಟಿದ ಹಗ್ಗದಲ್ಲಿ ಬಟ್ಟೆಯ ತುಂಡನ್ನೋ ಪ್ಲಾಸ್ಟಿಕ್ ಚೀಲವನ್ನೋ ವೇಗವಾಗಿ ಎಳೆದು, ತಿರುವು ಮುರಿವುಗಳಲ್ಲಿ ಓಟದ ನಾಯಿಗಳನ್ನು ಓಡಿಸುವ ಪಂದ್ಯಗಳು ಹಲವು ದೇಶಗಳಲ್ಲಿ ನಡೆಯುತ್ತಿವೆ. ಕಣ್ಣಿನ ಬೇಟೆಯ ನಾಯಿಗೆ ಓಡುವ ವಸ್ತು ಮುಖ್ಯ. ಅದಕ್ಕೆ ಜೀವವಿದೆಯೇ ಎಂದು ಅದು ಕೇಳುವುದಿಲ್ಲ. ನೆನಪಿನಲ್ಲಿಡಿ ಎಂದು ಮೇಲೆ ಕೋರಿದ ಸಂಗತಿ ಇಲ್ಲಿ ಬರುತ್ತದೆ: ಸೇನೆ ಈ ನಾಯಿಯನ್ನು ಕರೆದೊಯ್ದದ್ದು ಮೊಲ ಹಿಡಿಯುವುದಕ್ಕಲ್ಲ. ಅದರ ವೇಗಕ್ಕೆ, ತಾಳಿಕೆಗೆ, ದೃಷ್ಟಿಗೆ ಬೇಟೆಯ ಹೊರಗೂ ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ಮರಿ ಬೆಳೆಸಿ ಮಾರಿ ಬದುಕುವ ಕುಟುಂಬಗಳಿಗೂ ಬೇಕಾದದ್ದು ಕಾವಲಿಗೆ, ಓಟಕ್ಕೆ, ಸೇವೆಗೆ ನಾಯಿ ಕೊಳ್ಳುವ ಗಿರಾಕಿ. ಪೊಲೀಸರ ಕಡತ ಸೇರುವ ಗಿರಾಕಿಯಿಂದ ತಳಿಗೆ ಕೆಟ್ಟ ಹೆಸರಲ್ಲದೆ ಮತ್ತೇನೂ ಬಾರದು.

ಮೂರನೆಯದು ಸಂಪ್ರದಾಯದ ಮಾತು. ಯುಗಾದಿಯ ಬೇಟೆ, ಜಾತ್ರೆಯ ಬೇಟೆಗಳು ಉತ್ತರ ಕರ್ನಾಟಕದ ಹಲವು ಕಡೆ ಇದ್ದವು, ಇನ್ನೂ ಅಲ್ಲಲ್ಲಿ ಇವೆ. ಬೇಟೆಯಿಂದಲೇ ಬದುಕಿದ ಸಮುದಾಯಗಳ ಮೇಲೆ ಕಾನೂನಿನ ಭಾರ ಮೊದಲು ಬೀಳುತ್ತದೆ, ಶೋಕಿಯ ಬೇಟೆಗಾರ ತಪ್ಪಿಸಿಕೊಳ್ಳುತ್ತಾನೆ ಎಂಬುದೂ ನಿಜ. ಈ ಅನ್ಯಾಯವನ್ನು ನಾವು ಒಪ್ಪುವುದಿಲ್ಲ. ಆದರೆ ಕ್ಯಾಮೆರಾ ಹಿಡಿದು ಸಾವನ್ನು ಹಂಚುವವರು ಆ ಸಮುದಾಯಗಳ ಹೆಸರು ಹೇಳಿಕೊಳ್ಳುವುದು ಎರಡನೆಯ ಅನ್ಯಾಯ. ಹಸಿವಿನ ಬೇಟೆಗೆ ತನ್ನದೇ ಮಿತಿಯಿತ್ತು: ಪಾತ್ರೆ ತುಂಬಿದರೆ ಬೇಟೆ ಮುಗಿಯುತ್ತಿತ್ತು. ಮೆಚ್ಚುಗೆಯ ಎಣಿಕೆಗೆ ಆಡುವ ಬೇಟೆಗೆ ಪಾತ್ರೆಯೇ ಇಲ್ಲ. ಕಯೋಟಿಯನ್ನಾಗಲಿ ಗುಳ್ಳೆನರಿಯನ್ನಾಗಲಿ ಅಲ್ಲಿ ಯಾರೂ ಉಣ್ಣುವುದಿಲ್ಲ.

ಕಾನೂನಿನ ವಿಷಯದಲ್ಲಿ ಗೊಂದಲವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆ ಎಂಬ ಪದವನ್ನು ಕೊಲ್ಲುವುದಕ್ಕಷ್ಟೇ ಸೀಮಿತಗೊಳಿಸಿಲ್ಲ. ಹಿಡಿಯುವುದು, ಅಟ್ಟುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಅದಕ್ಕಾಗಿ ಪ್ರಯತ್ನಿಸುವುದು ಎಲ್ಲವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. 'ನಾಯಿಯನ್ನು ಓಡಿಸಿದೆವು ಅಷ್ಟೆ, ಕೊಂದದ್ದು ಅದು' ಎಂಬ ಸಮಜಾಯಿಷಿ ನ್ಯಾಯಾಲಯದಲ್ಲಿ ನಿಲ್ಲದು. 2022ರ ತಿದ್ದುಪಡಿಯ ಮೇಲೆ ಗುಳ್ಳೆನರಿ ತೋಳದ ಜೊತೆಗೆ ಮೊದಲನೆಯ ಅನುಸೂಚಿಯಲ್ಲಿದೆ. ಅಪರಾಧ ಸಾಬೀತಾದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಮೊಲಕ್ಕೂ ರಕ್ಷಣೆಯುಂಟು. ಆತಕೂರಿನ ಕಲ್ಲು ಪಾಪವನ್ನು ನಾಯಿಯ ಲೆಕ್ಕಕ್ಕೆ ಬರೆದು, ಕೊನೆಗೆ ಅದು ಮನುಷ್ಯನಿಗೆ ತಟ್ಟಬಹುದೆಂದು ಹೆದರಿಸಿತ್ತು. ಗಣರಾಜ್ಯದ ಕಾನೂನು ಆ ಲೆಕ್ಕವನ್ನು ನೇರವಾಗಿ ಹಗ್ಗ ಬಿಚ್ಚಿದವನ ಹೆಸರಿಗೇ ಬರೆದಿದೆ. ನಮ್ಮ ದೃಷ್ಟಿಯಲ್ಲಿ ಇದು ಆ ಹಳೆಯ ಮಾತಿನ ನ್ಯಾಯವಾದ ತಿದ್ದುಪಡಿ.

ಸಾಹಿತ್ಯದ ಬಳಗವೊಂದು ಈ ವಿಷಯವನ್ನು ಏಕೆ ಎತ್ತಿಕೊಳ್ಳಬೇಕು ಎಂದು ಕೇಳುವವರಿಗೆ ನಮ್ಮ ಉತ್ತರ ಹೀಗಿದೆ. ಬೇಟೆಯನ್ನು ಬಣ್ಣಿಸಿದ್ದು ಕಾವ್ಯ. ಅದರ ಒಳಗನ್ನು ತೆರೆದು ತೋರಿಸಿದ್ದೂ ಕಾವ್ಯ. ಜನ್ನನ 'ಯಶೋಧರ ಚರಿತೆ'ಯಲ್ಲಿ ತಾಯಿ ನಾಯಿಯಾಗಿ, ಮಗ ನವಿಲಾಗಿ ಹುಟ್ಟುತ್ತಾರೆ. ಗುರುತಿಲ್ಲದ ನಾಯಿ ಗುರುತಿಲ್ಲದ ನವಿಲನ್ನು ಕೊಲ್ಲುತ್ತದೆ. ಬೆನ್ನಟ್ಟುವುದಕ್ಕೂ ಬೆನ್ನಟ್ಟಿಸಿಕೊಳ್ಳುವುದಕ್ಕೂ ನಡುವೆ ಒಂದು ನಂಟಿದೆ, ಕೊಲ್ಲುವ ಹೊತ್ತಿಗೆ ಅದು ಕಾಣುವುದಿಲ್ಲ ಎಂದು ಇದಕ್ಕಿಂತ ಘೋರವಾಗಿ ಹೇಳಿದ ಕೃತಿ ನಮ್ಮಲ್ಲಿಲ್ಲ. ಅದೇ ಕತೆಯಲ್ಲಿ ಯಶೋಮತಿ ತನ್ನ ಬೇಟೆನಾಯಿಗಳನ್ನು ಮುನಿಯ ಮೇಲೆ ಛೂ ಬಿಟ್ಟಾಗ ಅವು ಕಚ್ಚದೆ ವಿನೀತವಾಗಿ ನಿಲ್ಲುತ್ತವೆ. ನಾಯಿಗೆ ಇದ್ದ ವಿವೇಕ ಒಡೆಯನಿಗೆ ತಡವಾಗಿ ಬರುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರು ನಾಯಿಗುತ್ತಿಯ ಹುಲಿಯನನ್ನು ಮರೆಯಲಾರರು. ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುವಾಗ ನಮ್ಮ ಗಂಟಲು ಕಟ್ಟುವುದು ಅದೆಷ್ಟು ಹಂದಿ ಹಿಡಿದಿತ್ತೆಂಬ ಲೆಕ್ಕದಿಂದಲ್ಲ, ಗುತ್ತಿಯ ಹಿಂದೆ ಬಿಡದೆ ಬಂದ ಅದರ ಪ್ರೀತಿಯಿಂದ. ತೇಜಸ್ವಿಯವರ ಕಿವಿಯೂ ನಮಗೆ ಪ್ರಿಯವಾದದ್ದು ಸಂಗಾತಿಯಾಗಿ. ನಾಯಿಯಲ್ಲಿ ಮನುಷ್ಯ ಮೆಚ್ಚಿದ್ದು ಏನನ್ನು ಎಂಬ ಪ್ರಶ್ನೆಗೆ ಕನ್ನಡದ ದೊಡ್ಡ ಬರಹಗಾರರು ಕೊಟ್ಟ ಉತ್ತರ ಇದು.

ಜನಪದವೂ ಬೇರೆ ಮಾತು ಹೇಳಿಲ್ಲ. ಬೋಪದೇವ ಘಾಟಿಯ ಆಚೆ ಜೇಜುರಿಯಲ್ಲಿರುವ ಖಂಡೋಬನೇ ನಮ್ಮ ಮೈಲಾರಲಿಂಗ. ಕುದುರೆಯೇರಿದ ಆ ದೇವರ ಮಗ್ಗುಲಲ್ಲಿ ನಾಯಿಯಿದೆ. ಅಲ್ಲಿಯ ವಾಘ್ಯಾಗಳೂ ನಮ್ಮ ವಗ್ಗಯ್ಯ, ಗೊರವರೂ ತಮ್ಮನ್ನು ದೇವರ ನಾಯಿಗಳೆಂದು ಕರೆದುಕೊಂಡು, ಬೊಗಳುತ್ತ ದೋಣಿಯ ಪ್ರಸಾದ ಉಣ್ಣುತ್ತಾರೆ. ತಾನೇ ನಾಯಿಯೆಂದು ಬಗೆಯುವ ಭಕ್ತನಲ್ಲಿ ಎಷ್ಟು ನಮ್ರತೆಯಿದೆ! ನಾಯಿಯನ್ನು ಆಯುಧವಾಗಿ ಹಿಡಿಯುವವನಲ್ಲಿ ಅದರ ಒಂದು ಕಣವೂ ಇಲ್ಲ. ಎರಡೂ ಭಾಷೆಗಳ ನಡುವೆ ಬದುಕುವ ಪುಣೆಯ ಕನ್ನಡಿಗರಿಗೆ ಈ ದೇವರೂ ಈ ನಾಯಿಯೂ ಸಮಾನ ಆಸ್ತಿ. ಮುಧೋಳವೋ ಕಾರವಾನಿಯೋ ಎಂಬ ಜಗಳಕ್ಕಿಂತ ಅದನ್ನು ಹೇಗೆ ಬಾಳಿಸಬೇಕೆಂಬ ಚಿಂತೆ ದೊಡ್ಡದು.

ಆದ್ದರಿಂದ ಕೆಲವು ಬಿನ್ನಹಗಳು. ಮುಧೋಳ ನಾಯಿಯನ್ನು ತರುವವರು ಅದಕ್ಕೆ ದಿನವೂ ಓಡಲು ಆಸ್ಪದವಿದೆಯೇ ಎಂದು ಮೊದಲು ಕೇಳಿಕೊಳ್ಳಲಿ, ಇಲ್ಲವೆಂದರೆ ತರದಿರಲಿ. ಮಾಳಕ್ಕೆ ಕರೆದೊಯ್ದಾಗ ಹಗ್ಗ ಕೈಯಲ್ಲಿರಲಿ, ಹುಚ್ಚುರೋಗದ ಲಸಿಕೆ ತಪ್ಪದಿರಲಿ. ತಳಿಯ ಅಭಿಮಾನಿಗಳ ಸಂಘಗಳು ಕೃತಕ ಬೇಟೆಯ ಓಟದ ಪಂದ್ಯಗಳನ್ನು ಏರ್ಪಡಿಸಲಿ. ಅದನ್ನು ನೋಡಲು ನಮ್ಮ ಬಳಗ ಮೊದಲ ಸಾಲಿನಲ್ಲಿ ಕೂರುತ್ತದೆ. ಬೇಟೆಯ ತುಣುಕುಚಿತ್ರ ಕೈಗೆ ಬಂದರೆ ಮುಂದಕ್ಕೆ ಕಳಿಸದೆ ಅರಣ್ಯ ಇಲಾಖೆಗೆ ತಿಳಿಸಲಿ. ಬರೆಯುವವರು 'ಶೌರ್ಯ' ಎಂಬ ಪದವನ್ನು ಬಳಸುವ ಮುನ್ನ, ನಾಲ್ಕಕ್ಕೆ ಒಂದು ಎಂಬ ಆ ಎಣಿಕೆಯನ್ನು ಒಮ್ಮೆ ನೆನೆಯಲಿ.

ಕಾಳಿಗೆ ಕಲ್ಲು ನಿಂತಿತು, ಭೂಮಿ ಸಂದಿತು, ಹೆಸರು ಉಳಿಯಿತು. ಕಬ್ಬಿನ ಗದ್ದೆಯ ಬದುವಿನಲ್ಲಿ ಬಿದ್ದ ಗುಳ್ಳೆನರಿಗೆ ಇದಾವುದೂ ಬೇಕಿಲ್ಲ. ಅದಕ್ಕೆ ಬೇಕಾದದ್ದು ಓಡಿ ಬಿಲ ಸೇರುವಷ್ಟು ಬಯಲು, ಹಗ್ಗವನ್ನು ಬಿಚ್ಚದಿರುವಷ್ಟು ಸಂಯಮವುಳ್ಳ ಒಂದು ಕೈ. ಅಷ್ಟನ್ನು ಕೊಡಲಾರದ ನಾಡು ತನ್ನ ನಾಯಿಯ ಬಗ್ಗೆ ಹೆಮ್ಮೆಪಡುವುದಾದರೂ ಹೇಗೆ?